ಹೋದವರ ಹೆಸರು ಹೇಳಿಕೊಂಡು

ಹಳೆಯ ಬ್ರೌಸರ್ ಬಿಟ್ಟು ಹೊಸದಕ್ಕೆ ಹೋಗುವುದು ಈಗ ಎರಡು ನಿಮಿಷದ ಕೆಲಸ. ಫೈರ್‌ಫಾಕ್ಸ್‌ನಲ್ಲಿ ವರ್ಷಗಟ್ಟಲೆ ಕೂಡಿಸಿಟ್ಟ ಬುಕ್‌ಮಾರ್ಕ್, ಪಾಸ್‌ವರ್ಡ್, ಓಡಾಡಿದ ಪುಟಗಳ ಇತಿಹಾಸ ಎಲ್ಲವನ್ನೂ ಕ್ರೋಮ್ ತಾನೇ ಎತ್ತಿಕೊಳ್ಳುತ್ತದೆ. ಆಂಧ್ರದ ಆದವಾನಿ ಸೀಮೆಯ ಕೋಸಗಿಯಂಥ ಊರಿನಲ್ಲಿ ಇದಕ್ಕೆ ದೊಡ್ಡ ಕಾರಣವೇನೂ ಬೇಕಿಲ್ಲ. ಅರ್ಜಿ ತುಂಬುವ ಯಾವುದೋ ಪುಟ ಕ್ರೋಮ್‌ನಲ್ಲಿ ಮಾತ್ರ ಸರಿಯಾಗಿ ತೆರೆಯುತ್ತದೆ. ನೆಟ್ ಸೆಂಟರಿನ ಹುಡುಗನಿಗೆ ಅದೊಂದೇ ಗೊತ್ತು. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆ ಗುಳೆ ಹೋಗುವವರ ಫೋನಿನಲ್ಲೂ ಅದು ಮೊದಲೇ ಬಂದು ಕೂತಿರುತ್ತದೆ. ನಾನೂ ಹೀಗೆಯೇ ದಾಟಿದೆ. ಒಂದು ಬುಕ್‌ಮಾರ್ಕ್ ಕೂಡ ಕಳೆಯಲಿಲ್ಲ. ಆದರೂ ಏನೋ ಹೋಯಿತು ಅನ್ನಿಸಿತು. ಹೋದದ್ದೇನು?

ಈ ಸೀಮೆಗೆ ಇಂಥ ಪ್ರಶ್ನೆ ಹೊಸದಲ್ಲ. 1800ರಲ್ಲಿ ನಿಜಾಮ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮುಂದೆ ಇದು ಮದರಾಸಿನ ಆಡಳಿತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರಕ್ಕೆ ಬಂದವು. 1956ರಲ್ಲಿ ಆ ರಾಜ್ಯ ಬೆಳೆಯಿತು, 2014ರಲ್ಲಿ ಕುಗ್ಗಿತು. ಮನೆ ಇದ್ದಲ್ಲೇ ಇತ್ತು, ವಿಳಾಸ ಬದಲಾಗುತ್ತ ಹೋಯಿತು. ಬ್ರೌಸರ್ ಬದಲಿಸಿದಾಗ ಆಗುವುದು ಇದರ ತಿರುವುಮುರುವು: ವಿಳಾಸಗಳೆಲ್ಲ ಅವೇ, ಮನೆ ಬೇರೆ. ಕೈ ಹಳೆಯ ಗುಂಡಿ ಇದ್ದ ಜಾಗಕ್ಕೇ ಹೋಗುತ್ತದೆ. ಹೋದದ್ದು ಆ ರೂಢಿ. ಅದನ್ನು ಎತ್ತಿಕೊಳ್ಳಲು ಯಾವ ತಂತ್ರಾಂಶಕ್ಕೂ ಬರುವುದಿಲ್ಲ.

ನಾವು ಬಿಟ್ಟುಬಂದ ಫೈರ್‌ಫಾಕ್ಸ್ ಎಂಬ ಮನೆಯೂ ಒಂದು ಸಾವಿನಿಂದಲೇ ಹುಟ್ಟಿದ್ದು. 1994ರಲ್ಲಿ ಬಂದ ನೆಟ್‌ಸ್ಕೇಪ್ ಎಂಬ ಬ್ರೌಸರ್ ಜಗತ್ತನ್ನೇ ಆಳಿತು. ವಿಂಡೋಸ್‌ನೊಳಗೇ ಪುಕ್ಕಟೆಯಾಗಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಅದನ್ನು ಮುಗಿಸಿತು. 1998ರಲ್ಲಿ ನೆಟ್‌ಸ್ಕೇಪ್ ತನ್ನ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. ಅದರಿಂದ 2002ರಲ್ಲಿ ಹುಟ್ಟಿದ ಕೂಸಿಗೆ ಬೂದಿಯಿಂದೇಳುವ ಹಕ್ಕಿ ಫೀನಿಕ್ಸ್‌ನ ಹೆಸರು. ಆ ಹೆಸರಿಗೆ ಬೇರೆಯವರ ಹಕ್ಕಿತ್ತು, ಫೈರ್‌ಬರ್ಡ್ ಆಯಿತು, ಅದಕ್ಕೂ ತಕರಾರು ಬಂದು 2004ರಲ್ಲಿ ಫೈರ್‌ಫಾಕ್ಸ್ ಆಯಿತು. ಅದರ ಮೆನುಗಳನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು. 2008ರಲ್ಲಿ ಕ್ರೋಮ್ ಬಂತು. ಒಂದು ಕಾಲಕ್ಕೆ ಹತ್ತರಲ್ಲಿ ಒಂಬತ್ತು ಕಂಪ್ಯೂಟರುಗಳಲ್ಲಿದ್ದ ಎಕ್ಸ್‌ಪ್ಲೋರರಿಗೆ ಅದನ್ನು ಕಟ್ಟಿದ ಮೈಕ್ರೋಸಾಫ್ಟೇ 2022ರ ಜೂನ್‌ನಲ್ಲಿ ವಿದಾಯ ಹೇಳಿತು. ಗೆದ್ದವರ ಪಟ್ಟಿಯನ್ನೇ ಸ್ವಲ್ಪ ಕಾಲ ಬಿಟ್ಟು ಓದಿದರೆ ಹೋದವರ ಪಟ್ಟಿ.

ಆದರೆ ಹೋದವರು ಪೂರ್ತಿ ಹೋಗುವುದಿಲ್ಲ. ಬ್ರೌಸರ್ ಯಾವುದೇ ಜಾಲತಾಣದ ಬಾಗಿಲಿಗೆ ಹೋದರೂ ಮೊದಲು ತಾನು ಯಾರೆಂದು ಹೇಳಿಕೊಳ್ಳುತ್ತದೆ. ಕ್ರೋಮ್ ತನ್ನ ಪರಿಚಯವನ್ನು ಶುರುಮಾಡುವುದೇ ಮೊಜಿಲ್ಲಾ ಎಂಬ ಹೆಸರಿನಿಂದ. ಅದು ನೆಟ್‌ಸ್ಕೇಪಿನ ಒಳಮನೆಯ ಹೆಸರು. ಒಳ್ಳೆಯ ಪುಟಗಳನ್ನು ಮೊಜಿಲ್ಲಾಗೆ ಮಾತ್ರ ಕೊಡುತ್ತಿದ್ದ ಸರ್ವರ್‌ಗಳಿದ್ದವು. ಅವನ್ನು ಪಡೆಯಲು ಎಕ್ಸ್‌ಪ್ಲೋರರ್ ಆ ಹೆಸರು ಹೇಳಿತು, ಆಮೇಲೆ ಬಂದವರೆಲ್ಲ ಹೇಳಿದರು. ಮೊಜಿಲ್ಲಾ ಆದ ಮೇಲೆ ಪುಟ ಬಿಡಿಸುವ ಎಂಜಿನ್‌ಗಳ ಹೆಸರು: ಆಪಲ್‌ನ ವೆಬ್‌ಕಿಟ್, ಅದರ ಮೂಲವಾದ ಕೆಎಚ್‌ಟಿಎಂಎಲ್, ಫೈರ್‌ಫಾಕ್ಸ್‌ನ ಗೆಕೋ; ಆಮೇಲೆ ತನ್ನ ಹೆಸರು. ಮಂತ್ರಾಲಯದಲ್ಲಿ ಹಿರಿಯರಿಗೆ ನಮಸ್ಕರಿಸುವ ವಟು ಋಷಿಗಳ ಹೆಸರೆತ್ತಿ, ಗೋತ್ರ ಹೇಳಿ, ಕೊನೆಗೆ ತನ್ನ ಹೆಸರಿಗೆ ಬರುತ್ತಾನಲ್ಲ, ಆ ಪ್ರವರದ ಕ್ರಮವೇ ಇದು.

ಈ ಸಮಾಧಾನಕ್ಕೂ ಮಿತಿ ಇದೆ. ಪ್ರವರದಲ್ಲಿ ಹೆಸರಿರುವುದು ಬೇರೆ, ಬದುಕಿರುವುದು ಬೇರೆ. ಕಾಲಧರ್ಮ ಎಂದು ನಿಟ್ಟುಸಿರು ಬಿಟ್ಟರೆ ನಮ್ಮ ಪಾಲು ಮರೆಯಾಗುತ್ತದೆ. ಫೈರ್‌ಫಾಕ್ಸ್‌ನಿಂದ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಬಳಸುವವರು ಕಡಿಮೆಯಾದರೆಂದು ಪುಟ ಕಟ್ಟುವವರು ಅದರಲ್ಲಿ ತೆರೆದು ನೋಡುವುದನ್ನು ಬಿಡುತ್ತಾರೆ. ಪುಟ ಸರಿಯಾಗಿ ತೆರೆಯದೆಂದು ಇನ್ನಷ್ಟು ಜನ ಬಿಡುತ್ತಾರೆ. ಗಡಿನಾಡಿನ ಕನ್ನಡ ಶಾಲೆಗಳನ್ನು ಕಂಡವರಿಗೆ ಈ ಸುತ್ತು ಗೊತ್ತು: ಮಕ್ಕಳಿಲ್ಲವೆಂದು ಮೇಷ್ಟ್ರಿಲ್ಲ, ಮೇಷ್ಟ್ರಿಲ್ಲವೆಂದು ಮಕ್ಕಳಿಲ್ಲ. ಇದರಲ್ಲಿ ಯಾರೊಬ್ಬರ ತಪ್ಪೂ ಇಲ್ಲ, ಎಲ್ಲರ ಕೈಯೂ ಇದೆ.

ಎಲ್ಲವೂ ಹೋಗುವಂಥದ್ದೇ, ಆದ್ದರಿಂದ ಯಾವುದನ್ನೂ ಹಿಡಿದುಕೊಳ್ಳಬೇಡ ಎನ್ನುತ್ತದೆ ವೈರಾಗ್ಯ. ಅದೇ ಮಾತಿನಿಂದ ಇನ್ನೊಂದು ಅರ್ಥವೂ ಹೊರಡುತ್ತದೆ. ತಾನಾಗಿ ಉಳಿಯುವಂಥದ್ದು ಯಾವುದೂ ಇಲ್ಲವಾದರೆ, ಇವತ್ತು ಉಳಿದಿರುವುದೆಲ್ಲ ಯಾರೋ ಇನ್ನೂ ಬಳಸುತ್ತಿರುವುದರಿಂದಲೇ ಉಳಿದಿದೆ. ಅರ್ಜಿ, ಟಿಕೆಟ್ಟುಗಳಿಗೆ ನನಗೀಗ ಕ್ರೋಮ್. ಕನ್ನಡ ಓದುವುದಕ್ಕೆ ಮಾತ್ರ ಫೈರ್‌ಫಾಕ್ಸನ್ನು ಇಟ್ಟುಕೊಂಡಿದ್ದೇನೆ. ಅದರಿಂದ ಅದು ಬದುಕಿಬಿಡುತ್ತದೆ ಎಂದಲ್ಲ, ಎಣಿಸುವವರಿಗೆ ಒಂದು ತಲೆ ಹೆಚ್ಚು ಸಿಗಲಿ ಎಂದು.