‘ಆಗುತ್ತದೆ’ ಎಂಬ ಮಾತು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನನ್ನು ನಮ್ಮ ಹಿರಿಯರು ಗೇಲಿ ಮಾಡಿದರು. ಕುಲಾವಿಯನ್ನೇ ಮೊದಲು ತೋರಿಸಿ, ಹಣ ಪಡೆದು, ಆ ಹಣದಿಂದಲೇ ಕೂಸನ್ನು ಸಾಕಬೇಕಾದ ವ್ಯಾಪಾರವೊಂದು ಈಗ ಬೆಳೆದಿದೆ. ಸ್ಟಾರ್ಟಪ್ ಎಂದು ಅದರ ಹೆಸರು. ಅದರ ಬಂಡವಾಳದಲ್ಲಿ ಹೆಚ್ಚಿನ ಪಾಲು ಮಾತು. ಇನ್ನೂ ಪೂರ್ತಿಯಾಗದ ಸರಕನ್ನು ಮಾರುವವನು ಸುಳ್ಳು ಹೇಳುತ್ತಿದ್ದಾನೆಯೆ? ಹೌದೆಂದು ಥಟ್ಟನೆ ಹೇಳಿಬಿಡುವುದು ಸುಲಭ, ನ್ಯಾಯವಲ್ಲ.

ಇಲ್ಲದ್ದನ್ನು ಮಾರುವುದು ಹೊಸದೇನಲ್ಲ. ಬಡಗಿ ಮುಂಗಡ ತೆಗೆದುಕೊಂಡ ದಿನ ಬಾಗಿಲು ಇನ್ನೂ ಮರವಾಗಿಯೇ ಇರುತ್ತದೆ. ದೊಡ್ಡಬಳ್ಳಾಪುರದ ಮಗ್ಗದವರು ಸೀರೆ ಒಪ್ಪಿಕೊಂಡಾಗ ಮನೆಯಲ್ಲಿರುವುದು ನೂಲು ಮಾತ್ರ. ಆದರೂ ಇವರನ್ನು ಯಾರೂ ಸುಳ್ಳರೆನ್ನುವುದಿಲ್ಲ. ಸರಕು ಇನ್ನೂ ಇಲ್ಲವೆಂಬುದು ಕೊಳ್ಳುವವನಿಗೂ ಗೊತ್ತು. ಅಂಥದನ್ನು ಇವರು ಹಿಂದೆ ಮಾಡಿದವರೆಂಬುದೂ ಗೊತ್ತು. ಹೊಸ ಉದ್ಯಮಿಗೆ ಹಿಂದಿನ ಕೆಲಸವೆಂಬುದಿಲ್ಲ. ಆದ್ದರಿಂದಲೇ ಸರಕು ಇನ್ನೂ ಇಲ್ಲವೆಂಬುದನ್ನೂ ಮರೆಮಾಡುವ ಆಸೆ ಅವನಿಗೆ ಹುಟ್ಟುತ್ತದೆ.

ನಮ್ಮ ರಾಜಘಟ್ಟದ ಹುಡುಗನೊಬ್ಬ ವಿದ್ಯುತ್ ಮಗ್ಗಗಳ ಮಾಲೀಕರಿಗಾಗಿ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದಾನೆ. ಯಾವ ಮಗ್ಗಕ್ಕೆ ಎಷ್ಟು ಹಾಸು, ಎಷ್ಟು ಹೊಕ್ಕು ಹೋಯಿತು, ಎಷ್ಟು ಸೀರೆ ಬಂತು, ವಾರದ ಬಟವಾಡೆ ಎಷ್ಟು ಎಂಬ ಲೆಕ್ಕ ಅದರ ಕೆಲಸ. ಗ್ರಾಹಕರೊಡನೆ ಮಾಡಿಕೊಳ್ಳುವ ಕರಾರುಪತ್ರವನ್ನು ತಿಳಿಗನ್ನಡದಲ್ಲಿ ಬರೆದುಕೊಡಿರೆಂದು ಕೇಳಲು ಬಂದಿದ್ದ. ಅವನ ಕರಡಿನಲ್ಲಿ ‘ಕರೆಂಟು ಹೋದರೂ ಲೆಕ್ಕ ಉಳಿಯುತ್ತದೆ’ ಎಂದಿತ್ತು.

“ಉಳಿಯುತ್ತದೆಯೇನಪ್ಪ?” ಎಂದೆ.

“ಉಳಿಯುತ್ತೆ ದೊಡ್ಡಪ್ಪ, ಇನ್ನು ಎರಡು ತಿಂಗಳಲ್ಲಿ.”

ನಮ್ಮ ವ್ಯಾಕರಣದ ಒಂದು ಔದಾರ್ಯ ಆಗ ನನ್ನ ಕಣ್ಣಿಗೆ ಬಿತ್ತು. ‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ’ ಎನ್ನುವಾಗಲೂ, ‘ಅವನು ನಾಳೆ ಬರುತ್ತಾನೆ’ ಎನ್ನುವಾಗಲೂ ಕ್ರಿಯಾಪದದ ರೂಪ ಒಂದೇ. ಮಾರುವವನು ಭವಿಷ್ಯತ್ತಿನಲ್ಲಿ ನುಡಿದದ್ದನ್ನು ಕೊಳ್ಳುವವನು ವರ್ತಮಾನದಲ್ಲಿ ಕೇಳಿಸಿಕೊಳ್ಳುತ್ತಾನೆ. ಬಿಡಿಸಿ ನೋಡಿದರೆ ಒಂದು ಅಕ್ಷರವೂ ಸುಳ್ಳಲ್ಲ. ಒಟ್ಟಿನಲ್ಲಿ ನಡೆದದ್ದು ಮೋಸ.

ನಮ್ಮ ದೇಶದ 1872ರ ಕರಾರು ಕಾಯಿದೆ ಈ ಸೂಕ್ಷ್ಮವನ್ನು ಕಂಡಿದೆ. ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಟ್ಟ ಮಾತನ್ನು ಅದರ 17ನೆಯ ವಿಧಿ ವಂಚನೆಯೆನ್ನುತ್ತದೆ. ನಮ್ಮ ಹುಡುಗನ ಉದ್ದೇಶ ಶುದ್ಧ. ಅವನು ಅಲ್ಲಿ ಪಾರಾದ. ಆದರೆ 18ನೆಯ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಜವಲ್ಲದ್ದನ್ನು ನಿಜವೆಂದೇ ನಂಬಿ ಹೇಳಿದರೂ, ಹಾಗೆ ಖಂಡಿತವಾಗಿ ಹೇಳಲು ತಕ್ಕ ಆಧಾರ ನಮ್ಮ ಕೈಯಲ್ಲಿರದಿದ್ದರೆ ಅದು ತಪ್ಪು ನಿರೂಪಣೆ. ಒಳ್ಳೆಯ ಮನಸ್ಸಿದ್ದರೆ ಸಾಲದು. ಮಾತಿನ ತೂಕಕ್ಕೆ ತಕ್ಕ ತಿಳಿವಳಿಕೆಯೂ ಇರಬೇಕು. ಆಶಾವಾದಿಗಳೆಲ್ಲ ಓದಿಕೊಳ್ಳಬೇಕಾದ ವಿಧಿಯಿದು.

ಹುಡುಗನ ಉತ್ತರವನ್ನೂ ವಾಚಕರು ಕೇಳಬೇಕು. “ಇನ್ನೂ ಆಗಿಲ್ಲ ಅಂದರೆ ಯಾರು ದೊಡ್ಡಪ್ಪ ಕೊಳ್ಳುತ್ತಾರೆ? ಕೊಳ್ಳದಿದ್ದರೆ ಅದು ಆಗುವುದಾದರೂ ಹೇಗೆ?” ಎಂದ. ಅವನ ಕೈಯಲ್ಲಿದ್ದದ್ದು ಮೂರು ತಿಂಗಳ ಖರ್ಚು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸತ್ಯ ಹೇಳಿದ್ದರಿಂದ ಹುಟ್ಟದೆಯೇ ಹೋದ ಒಳ್ಳೆಯ ಕೆಲಸಗಳೂ ಲೋಕದಲ್ಲಿರಬೇಕು.

ಆದರೆ ನಷ್ಟ ಯಾರದೆಂದು ಯೋಚಿಸಿ. ಮಾಲೀಕ ಹಳೆಯ ಖಾತೆಪುಸ್ತಕವನ್ನು ಅಟ್ಟಕ್ಕೆ ಹಾಕುತ್ತಾನೆ. ಕರೆಂಟು ಹೋಗುತ್ತದೆ, ಲೆಕ್ಕವೂ ಹೋಗುತ್ತದೆ. ಆ ವಾರದ ಬಟವಾಡೆಯಲ್ಲಿ ಎರಡು ಸೀರೆಯ ಕೂಲಿ ಕಡಿಮೆ ಬಿದ್ದದ್ದು, ಕರಾರಿಗೆ ಸಹಿಯನ್ನೇ ಹಾಕದ ಒಬ್ಬ ನೇಕಾರನಿಗೆ. ಹೊಸ ಉದ್ಯಮದ ಮೊದಲ ಗ್ರಾಹಕ ನಿಜವಾಗಿ ಅದರ ಪಾಲುದಾರ. ಲಾಭದಲ್ಲಿ ಪಾಲಿಲ್ಲದ, ಅಪಾಯದಲ್ಲಿ ಮಾತ್ರ ಪಾಲಿರುವ ಪಾಲುದಾರ. ತಿಳಿದು ಒಪ್ಪಿದರೆ ಅದು ಅವನ ಧೈರ್ಯ, ಅವನ ಔದಾರ್ಯ. ತಿಳಿಸದೆ ಒಪ್ಪಿಸಿದರೆ ಅವನ ಧೈರ್ಯವನ್ನು ನಾವು ಕದ್ದಂತೆ.

ಮಾತು ಕೊಡದೆ ಉಳಿದವರ ಉದಾಹರಣೆಯೂ ಬೆಂಗಳೂರಿನಲ್ಲಿದೆ. 1981ರಲ್ಲಿ ಏಳು ಮಂದಿ ಸೇರಿ ಕಟ್ಟಿದ ಇನ್ಫೋಸಿಸ್, 1995ರಲ್ಲಿ ತನ್ನ ವರಮಾನದ ಕಾಲುಭಾಗವನ್ನು ಕೊಡುತ್ತಿದ್ದ ವಿದೇಶೀ ಗ್ರಾಹಕರೊಬ್ಬರ ದರವನ್ನು ಒಪ್ಪಲಿಲ್ಲ. ಈ ಷರತ್ತಿಗೆ ಒಪ್ಪಿದರೆ ಮುಂದೆ ನಿಮ್ಮ ಕೈಬಿಡಬೇಕಾದೀತು ಎಂಬ ಕಾರಣವನ್ನು ಅವರಿಗೇ ಹೇಳಿದುದಾಗಿ ನಾರಾಯಣಮೂರ್ತಿಯವರು 2007ರ ಭಾಷಣವೊಂದರಲ್ಲಿ ನೆನೆದಿದ್ದಾರೆ. ಹದಿನಾಲ್ಕು ವರ್ಷ ಬೆಳೆದ ಸಂಸ್ಥೆಗೆ ಆ ಶಕ್ತಿಯಿತ್ತು. ಮೂರು ತಿಂಗಳ ಖರ್ಚಿರುವವನಿಗೆ ಅದೇ ಸತ್ಯ ಹೆಚ್ಚು ತುಟ್ಟಿ. ಇದನ್ನು ಒಪ್ಪದ ನೀತಿಬೋಧೆ ಹೊಟ್ಟೆ ತುಂಬಿದವರ ನೀತಿಬೋಧೆ. ಆದರೆ ಬೆಲೆ ಹೆಚ್ಚೆಂದ ಮಾತ್ರಕ್ಕೆ ಸಾಲವನ್ನು ಬೇರೆಯವರ ಖಾತೆಗೆ ಬರೆಯಲಾಗದು.

ನಮ್ಮೂರಿನಲ್ಲಿ 2001ರಲ್ಲಿ ಉತ್ಖನನ ನಡೆದಾಗ ಹರಕೆಗೆ ಸಲ್ಲಿಸಿದ ಮಣ್ಣಿನ ಪುಟ್ಟ ಸ್ತೂಪಗಳು ಸಿಕ್ಕವು. ಅವುಗಳ ಒಡಲಲ್ಲಿ ಬೌದ್ಧರ ಧರ್ಮವಾಕ್ಯವನ್ನು ಮುದ್ರೆಯೊತ್ತಿದ ಬಿಲ್ಲೆಗಳಿದ್ದವು. ಹರಕೆಯ ಮಾತು ಒಳಗೆ ಅಡಗಿದ್ದರೂ ಸಲ್ಲುತ್ತದೆ. ಕರಾರಿನ ಮಾತಿಗೆ ಆ ಸೌಕರ್ಯವಿಲ್ಲ. ಅದು ಒಡೆಯುವ ಮೊದಲೇ ಕಾಣಬೇಕು.

ಕೊನೆಗೆ ನಾವು ಪತ್ರವನ್ನು ಎರಡು ಭಾಗವಾಗಿ ಬರೆದೆವು: ‘ಈಗ ಆಗಿರುವುದು’, ‘ಇನ್ನು ಆಗಬೇಕಾದುದು’. ಎರಡನೆಯದರಲ್ಲಿ ಒಂದೊಂದಕ್ಕೂ ತಾರೀಖು, ತಪ್ಪಿದರೆ ಹಣ ವಾಪಸು, ಅಲ್ಲಿಯವರೆಗೆ ಹಳೆಯ ಖಾತೆಪುಸ್ತಕವನ್ನು ಬಿಡಬಾರದೆಂಬ ಸೂಚನೆ. ಮೂವರು ಮಾಲೀಕರು ಓದಿದರು. ಒಬ್ಬರು ಬೆಲೆ ಇಳಿಸಿ ಸಹಿ ಹಾಕಿದರು. ಇಬ್ಬರು ಆದಾಗ ಬಾ ಎಂದರು. ಧರ್ಮದಿಂದ ವ್ಯಾಪಾರ ವೃದ್ಧಿಯಾಗುತ್ತದೆಂದು ನಾನು ಹೇಳಲಾರೆ. ಆ ‘ಆಗುತ್ತದೆ’ ಯಾವ ಕಾಲದ್ದೋ ನನಗೂ ತಿಳಿಯದು.