ಬಂಡೆಯ ಸುತ್ತಲಿನ ಬಯಲು

(ಬಸವನಗುಡಿಯ ಬ್ಯೂಗಲ್ ರಾಕ್ ಉದ್ಯಾನ, ಸಂಜೆ. ದೊಡ್ಡಪ್ಪ ಭೂವಿಜ್ಞಾನದ ಪಾಠ ಹೇಳಿ ನಿವೃತ್ತರಾದವರು. ಸುಮಾ ಅವರ ತಮ್ಮನ ಮಗಳು. ಕಾಡುಪ್ರಾಣಿಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ. ದೊಡ್ಡಮ್ಮ ಇಬ್ಬರ ಮಾತನ್ನೂ ಪೂರ್ತಿ ನಂಬುವವರಲ್ಲ.)

ಸುಮಾ: ನಾನು ಟಾಂಜಾನಿಯಾದ ಬೆಟ್ಟಗಳ ಬಗ್ಗೆ ಕೇಳಿದರೆ ನೀವು ಈ ಬಂಡೆ ಹತ್ತಿಸಿದಿರಿ. ಅಲ್ಲಿ ಎರಡು ಸಾವಿರ ಮೀಟರ್ ದಾಟಿದ ಶಿಖರಗಳಿವೆ ದೊಡ್ಡಪ್ಪ. ಇದು ಎದುರಿನ ಅಪಾರ್ಟ್‌ಮೆಂಟಿನಷ್ಟೂ ಇಲ್ಲ.

ದೊಡ್ಡಪ್ಪ: ಎತ್ತರ ನೋಡಿ ಮರ್ಯಾದೆ ಕೊಡಬೇಡಮ್ಮ. ಇದೂ ಲಾಲ್‌ಬಾಗಿನ ಬಂಡೆಯೂ ಒಂದೇ ಮನೆತನ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1916ರಲ್ಲಿ ಈ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಅಂತ ಹೆಸರಿಟ್ಟರು. 1975ರಲ್ಲಿ ಲಾಲ್‌ಬಾಗಿನ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು. ವಯಸ್ಸು ಸುಮಾರು 300 ಕೋಟಿ ವರ್ಷ. ನಿನ್ನ ಉಸಂಬರಾ, ಉಡ್ಜುಂಗ್ವಾ ಬೆಟ್ಟಗಳ ಕಲ್ಲು ನೆಲದಾಳದಲ್ಲಿ ಬೆಂದು ಮಡಿಚಿಕೊಂಡದ್ದು ಸುಮಾರು 60 ಕೋಟಿ ವರ್ಷದ ಹಿಂದೆ. ಇದರ ಮುಂದೆ ಅದು ಮೊಮ್ಮಗು.

ಸುಮಾ: ಹಾಗಿದ್ದರೆ ವಿಶೇಷ ಪ್ರಾಣಿಗಳೂ ಇಲ್ಲಿ ಐದು ಪಟ್ಟು ಇರಬೇಕಿತ್ತಲ್ಲ? ನನಗೆ ಮರದ ತುಂಬ ಬಾವಲಿ ಕಾಣ್ತಿದೆ, ಕೆಳಗೆ ಎರಡು ನಾಯಿ ಕಾಣ್ತಿದೆ.

ದೊಡ್ಡಮ್ಮ: ಸರಿಯಾಗಿ ಕೇಳಿದೆ.

ದೊಡ್ಡಪ್ಪ: ಕಲ್ಲಿನ ವಯಸ್ಸೇ ಬೇರೆ, ಬೆಟ್ಟದ ವಯಸ್ಸೇ ಬೇರೆ. ಮೊದಲು ಬೆಟ್ಟ ಹೇಗೆ ಒಂಟಿಯಾಗುತ್ತೆ ಅಂತ ಕೇಳು. ಸಾವನದುರ್ಗ ನೋಡಿದೀಯಲ್ಲ? ನೆಲ ಸೀಳಿಕೊಂಡು ಮೇಲೆ ಬಂದ ಹಾಗೆ ಕಾಣುತ್ತೆ. ಬಂದಿದ್ದಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತಿದ್ದರು. ಅದೇ ಹೆಸರಿನ ಗ್ರಾನೈಟು ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲೇ ತಣ್ಣಗಾಗಿ ಗಟ್ಟಿಯಾಯಿತು. ಶಿವಗಂಗೆ, ಮಧುಗಿರಿ, ಸಾವನದುರ್ಗ, ರಾಮನಗರ ಎಲ್ಲ ಅದೇ ಪಟ್ಟಿ. ಮೇಲಿದ್ದದ್ದೂ ಅಕ್ಕಪಕ್ಕದ್ದೂ ಮಳೆಗೆ ಬಿಸಿಲಿಗೆ ಪುಡಿಯಾಗಿ ಹೊಳೆ ಸೇರಿತು. ಬಿರುಕು ಕಡಿಮೆ ಇದ್ದ ಕಲ್ಲು ನಿಂತುಕೊಂಡಿತು. ಹಳೇ ಮನೆ ಹೊಸ್ತಿಲಲ್ಲಿ ಮರವೆಲ್ಲ ಸವೆದು ಗಂಟು ಮಾತ್ರ ಕಾಲಿಗೆ ತಾಕೋದಿಲ್ಲವಾ, ಹಾಗೆ. ಗಂಟು ಬೆಳೆದಿರಲ್ಲ.

ಸುಮಾ: ಅಂದರೆ ಸಾವನದುರ್ಗ ಏನೂ ಮಾಡಲಿಲ್ಲ. ಮಾಡಿದ್ದೆಲ್ಲ ಬಯಲು.

ದೊಡ್ಡಪ್ಪ: ಹಾಗೇ ಅನ್ನು. ಆದರೆ ನೆಲ ಎದ್ದೇ ಇಲ್ಲ ಅಂತಲ್ಲ. ಗವೀಪುರದಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಕಚೇರಿ ಇದೆಯಲ್ಲ, ಆ ಸಂಘವನ್ನ ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ ಅವರು 1952ರಷ್ಟು ಹಿಂದೆಯೇ ಮೈಸೂರು ಪ್ರಸ್ಥಭೂಮಿ ಹೇಗೆ ಮೇಲೆದ್ದು ಈ ರೂಪಕ್ಕೆ ಬಂತು ಅಂತ ಬರೆದರು. ಎದ್ದರೆ ಇಡೀ ಜಗಲಿ ಎದ್ದಿದೆ. ಜಗಲಿ ಮೇಲೆ ಇವು ಸವೆಯದೆ ಉಳಿದವು. ನಿನ್ನ ಟಾಂಜಾನಿಯಾದ ಬೆಟ್ಟಗಳ ಕಥೆ ಬೇರೆ. ಹಳೇ ಬಿರುಕುಗಳ ಉದ್ದಕ್ಕೂ ನೆಲದ ದಿಮ್ಮಿಗಳೇ ಮೇಲೆ ಸರಿದಿವೆ.

ಸುಮಾ: ನಿಮಗೆ ಒಂಟಿತನ ಅಂದರೆ ಕಲ್ಲು ಮತ್ತು ಕಾಲ. ನಾನು ಪ್ರಾಣಿ ಕಡೆಯಿಂದ ನೋಡ್ತೀನಿ. ಆ ಬೆಟ್ಟಗಳ ಪಕ್ಕದಲ್ಲೇ ಕಿಲಿಮಂಜಾರೊ ಇದೆ. 5895 ಮೀಟರ್, ಕ್ಯಾಲೆಂಡರುಗಳಲ್ಲೆಲ್ಲ ಅದೇ. ಆದರೆ ಅದು ಈಚೆಗೆ ಹುಟ್ಟಿದ ಜ್ವಾಲಾಮುಖಿ. ಬೇರೆಲ್ಲೂ ಇಲ್ಲದ ಕಾಡುಜೀವಿಗಳನ್ನ ಹುಡುಕೋರು ಅದನ್ನ ಬಿಟ್ಟು, ಕೀನ್ಯಾದ ಟೈಟಾದಿಂದ ಉಡ್ಜುಂಗ್ವಾವರೆಗೆ ಬಿಡಿಬಿಡಿಯಾಗಿ ನಿಂತ ತಗ್ಗಿನ ಬೆಟ್ಟಗಳಿಗೆ ಹೋಗ್ತಾರೆ. ಯಾಕೆ ಗೊತ್ತಾ? ಅವು ಹಿಂದೂ ಮಹಾಸಾಗರದ ಗಾಳಿಗೆ ಎದೆ ಕೊಟ್ಟು ನಿಂತಿವೆ. ಹಿಮಯುಗದ ಒಣಗಾಲದಲ್ಲಿ ಆಫ್ರಿಕಾದ ಕಾಡು ಎಲ್ಲೆಲ್ಲೋ ಕುಗ್ಗಿದಾಗಲೂ ಇಲ್ಲಿ ಮಂಜು, ಮಳೆ ತಪ್ಪಲಿಲ್ಲ ಅಂತ ವಿಜ್ಞಾನಿಗಳ ವಾದ. ಸುತ್ತ ಹುಲ್ಲುಗಾವಲು, ಮೇಲೆ ಒದ್ದೆ ಕಾಡು. ಒದ್ದೆಯಲ್ಲೇ ಬದುಕೋ ಪ್ರಾಣಿಗೆ ಆ ಹುಲ್ಲುಗಾವಲೇ ಸಮುದ್ರ.

ದೊಡ್ಡಪ್ಪ: ಅಂದರೆ ಉಳಿಸಿದ್ದು ಕಲ್ಲಲ್ಲ, ಮಂಜು. ನನ್ನ ಕಲ್ಲಿಗೆ ಬರೀ ಸ್ಟ್ಯಾಂಡಿನ ಕೆಲಸ ಕೊಟ್ಟೆ!

ಸುಮಾ: ಒಳ್ಳೆ ಸ್ಟ್ಯಾಂಡು. ಆ ಒದ್ದೆ ಕಾಡಿನಲ್ಲಿ 1991ರಲ್ಲಿ ಒಂದು ಕಾಡುಕೋಳಿ ಸಿಕ್ಕಿತು. ಸಂಶೋಧಕರಿಗೆ ಮೊದಲು ಕಂಡದ್ದು ಅಡುಗೆ ಪಾತ್ರೆಯಲ್ಲಿದ್ದ ಅದರ ಕಾಲು. ಅದರ ಹತ್ತಿರದ ನಂಟರು ಆಫ್ರಿಕಾದಲ್ಲಿಲ್ಲ, ಏಷ್ಯಾದ ಬೆಟ್ಟಗಳಲ್ಲಿದ್ದಾರೆ. ಒಂದು ಕಾಲಕ್ಕೆ ಹರಡಿಕೊಂಡಿದ್ದ ವಂಶದ ಅಂಚು ಅಲ್ಲಿ ಉಳಿದಿರಬೇಕು. ಅದು ನಿಮ್ಮ ಸಾವನದುರ್ಗದ ಜಾತಿ, ಸವೆಯದೆ ನಿಂತದ್ದು. ಇನ್ನು ಕೆಲವು ಅಲ್ಲೇ ಕವಲೊಡೆದು ಹೊಸದಾಗಿ ಆದವು. ದೊಡ್ಡಮ್ಮನ ಕಿಟಕಿಯಲ್ಲಿದೆಯಲ್ಲ ಆಫ್ರಿಕನ್ ವಯಲೆಟ್, ಅದರ ಬಳಗ ಹಾಗೆ. ಒಂದೊಂದು ಬೆಟ್ಟದ ನೆರಳುಗಲ್ಲಿನಲ್ಲಿ ಒಂದೊಂದು ಬಗೆ. ಅವು ಬೇರೆ ಬೇರೆಯಾಗಿ ಬಹಳ ಕಾಲವೇನೂ ಆಗಿಲ್ಲ.

ದೊಡ್ಡಮ್ಮ: ನನ್ನ ಗಿಡ ಆ ಬೆಟ್ಟದ್ದಾ? ಲಾಲ್‌ಬಾಗಿನ ಫ್ಲವರ್ ಶೋನಲ್ಲಿ ತಂದದ್ದು ಕಣೇ.

ಸುಮಾ: 1892ರಲ್ಲಿ ಉಸಂಬರಾದಲ್ಲಿದ್ದ ಜರ್ಮನ್ ಅಧಿಕಾರಿಯೊಬ್ಬ ಊರಿಗೆ ಕಳಿಸಿದ್ದರಿಂದ ಶುರುವಾದ ಸಂಸಾರ ಅದು. ಈಗ ಬೆಟ್ಟದಲ್ಲಿ ಇರೋದಕ್ಕಿಂತ ಕುಂಡಗಳಲ್ಲೇ ಹೆಚ್ಚು.

ದೊಡ್ಡಪ್ಪ: ಇರಲಿ, ನಮ್ಮ ಕಡೆಗೆ ಬಾ. ನಂದಿಬೆಟ್ಟ 1478 ಮೀಟರ್. ಅಲ್ಲೂ ಮಂಜಿದೆ, ಸುತ್ತ ಒಣ ಬಯಲಿದೆ. ಅಲ್ಲೇನೂ ಇಲ್ಲವೋ?

ಸುಮಾ: ಇದೆ. ಪಶ್ಚಿಮಘಟ್ಟದ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳ ಘಟ್ಟದಿಂದ ಅಷ್ಟು ದೂರದ ನಂದಿಯ ನೆತ್ತಿಯ ತೋಪಿನಲ್ಲಿದೆ. ಅದು ಅಲ್ಲಿರೋದು ನನಗೆ ತಲೆ ತಿನ್ನೋ ವಿಷಯ. ಅದಕ್ಕೆ ರೆಕ್ಕೆ ಇದೆ, ಯಾರೂ ಕಟ್ಟಿಹಾಕಿಲ್ಲ, ಆದರೂ ಬಯಲಿಗೆ ಇಳಿಯಲ್ಲ. ಹಳದಿ ಕೊರಳಿನ ಪಿಕಳಾರ ಅಂತ ಇನ್ನೊಂದಿದೆ. ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲೆಲ್ಲೂ ಇಲ್ಲ. ನಂದಿ, ಸಾವನದುರ್ಗದಂಥ ಕಲ್ಲುಬೆಟ್ಟದ ಕುರುಚಲೇ ಅದಕ್ಕೆ ಬೇಕು. ಇವಕ್ಕೆ ಬೇಲಿ ಹಾಕಿದ್ದು ಬೆಟ್ಟವಾ? ಅವುಗಳ ಅಭ್ಯಾಸವಾ?

ದೊಡ್ಡಪ್ಪ: ಎರಡೂ ಅಂದುಬಿಟ್ಟರೆ ವಾದ ಮುಗಿಯಿತು. ಬೇಡ. ಅಭ್ಯಾಸ ಅಂತೀನಿ.

ಸುಮಾ: ನಾನು ಇನ್ನೊಂದು ಹೆಜ್ಜೆ ಹೋಗ್ತೀನಿ. ಒಂಟಿತನ ನೆಲದ ಗುಣವೇ ಅಲ್ಲ. ಅದನ್ನ ಪ್ರಾಣಿಯ ಕಾಲಿನಿಂದ ಅಳೀಬೇಕು. ಈ ಬಂಡೆ ಮೇಲೆ ಹಗಲಲ್ಲಿ ಓತಿಕ್ಯಾತ ಬರುತ್ತಲ್ಲ, ಮಳೆಗಾಲದ ಹೊತ್ತಿಗೆ ಗಂಡು ಕೆಂಪು ಕಪ್ಪು ಬಣ್ಣ ಏರಿಸಿಕೊಳ್ಳುತ್ತೆ. ಅದು ಬಂಡೆಯ ಪ್ರಾಣಿ. ಬೆಂಗಳೂರು ಬೆಳೆದಾಗ ಅದಕ್ಕೆ ಒಂಟಿಯಾಗಬೇಕಾಗಲಿಲ್ಲ, ಯಾಕೆಂದರೆ ಕಾಂಪೌಂಡ್ ಗೋಡೆಯೂ ಅದಕ್ಕೆ ಬಂಡೆಯೇ. ಹೊರವಲಯದ ಸೈಟುಗಳಲ್ಲಿ ಬಿದ್ದ ಕಲ್ಲು ಇಟ್ಟಿಗೆ ಮೇಲೆ ಅದು ಹೇಗೆ ಬಾಳುತ್ತೆ ಅಂತ ಐಐಎಸ್‌ಸಿಯವರು ಅಧ್ಯಯನ ಮಾಡಿದಾರೆ. ಅದೇ ಐಐಎಸ್‌ಸಿ ಆವರಣದಲ್ಲಿ, ಮಲ್ಲೇಶ್ವರದ ಪಕ್ಕದಲ್ಲೇ, ಕಾಡುಪಾಪ ಇದೆ. ಅದರ ಪಾಡು ಕೇಳಿ.

ದೊಡ್ಡಪ್ಪ: ಕಾಡುಪಾಪದ ನಂಟರು ಆಫ್ರಿಕಾದಲ್ಲಿದ್ದಾರಲ್ಲ. ಗೊಂಡ್ವಾನ ಒಡೆದಾಗ ದೂರವಾದವರು.

ಸುಮಾ: ಲೆಕ್ಕ ಕೂಡಲ್ಲ ದೊಡ್ಡಪ್ಪ. ಭಾರತ ಆಫ್ರಿಕಾದಿಂದ ಬೇರೆಯಾಗಿ ಹತ್ತು ಕೋಟಿ ವರ್ಷಕ್ಕೂ ಮೇಲಾಯಿತು. ಈ ವಂಶದ ಹಳೇ ಹಲ್ಲುಗಳು ಈಜಿಪ್ಟಿನ ಫಯೂಮ್‌ನಲ್ಲಿ ಸಿಕ್ಕವು, ಸುಮಾರು 3.7 ಕೋಟಿ ವರ್ಷದವು. ಖಂಡಗಳು ಒಡೆದ ಎಷ್ಟೋ ಕಾಲದ ಮೇಲೆ ಇವರ ಹಿರಿಯರು ಮರದಿಂದ ಮರಕ್ಕೆ ಬಂದಿರಬೇಕು. ಆಫ್ರಿಕಾದ ದಾಯಾದಿ ಗಲಾಗೊ ಇದೆಯಲ್ಲ, ಅದು ಮೀಟರುಗಟ್ಟಲೆ ನೆಗೆಯುತ್ತೆ. ನಮ್ಮ ಕಾಡುಪಾಪ ನೆಗೆಯಲ್ಲ. ಒಂದು ಕೊಂಬೆ ಬಿಡುವ ಮುಂಚೆ ಇನ್ನೊಂದು ಕೊಂಬೆ ಕೈಗೆ ಸಿಗಬೇಕು. ಅಡ್ಡರಸ್ತೆಯ ಎರಡೂ ಬದಿಯ ಮರಗಳು ಮೇಲೆ ಕೂಡಿದ್ದರೆ ಅದು ಒಂದೇ ಕಾಡು. ವೈರಿಗೆ ತಾಗುತ್ತೆ ಅಂತ ಕೊಂಬೆ ಕಡಿದರೆ ಅಂದಿನಿಂದ ಎರಡು ದ್ವೀಪ. ನೆಲಕ್ಕಿಳಿದು ದಾಟೋಣ ಅಂದರೆ ನಾಯಿ, ಸ್ಕೂಟರು. ಸಾವನದುರ್ಗವನ್ನ ಒಂಟಿ ಮಾಡೋಕೆ ಬಯಲಿಗೆ ಕೋಟಿ ವರ್ಷಗಳು ಬೇಕಾದವು. ಇದಕ್ಕೆ ಅರ್ಧ ದಿನ ಸಾಕು.

ದೊಡ್ಡಪ್ಪ: ಹಾಗಾದರೆ ಇದರಿಂದಲೂ ಮುಂದೆ ಹೊಸ ಜಾತಿ ಹುಟ್ಟಬಹುದಲ್ಲ? ‘ಮಲ್ಲೇಶ್ವರದ ಕಾಡುಪಾಪ’!

ಸುಮಾ: ಹೊಸದಾಗೋಕೆ ಸಂಖ್ಯೆ ಬೇಕು, ಕಾಲ ಬೇಕು. ಬೆರಳೆಣಿಕೆಯ ಪ್ರಾಣಿಗಳನ್ನ ತುಂಡು ಜಾಗದಲ್ಲಿ ಬಿಟ್ಟರೆ ಹೊಸದಾಗೋ ಮುಂಚೆ ಇಲ್ಲವಾಗ್ತವೆ. ಕಿಹಾನ್ಸಿಯ ಕಪ್ಪೆ ವಿಷಯ ಹೇಳ್ತೀನಿ. ಉಡ್ಜುಂಗ್ವಾದ ಜಲಪಾತವೊಂದರ ತುಂತುರು ಬೀಳುವಷ್ಟು ಜಾಗ, ಕೆಲವು ಎಕರೆ. ಮೊಟ್ಟೆ ಇಡದೆ ಮರಿ ಹಾಕೋ ಪುಟ್ಟ ಹಳದಿ ಕಪ್ಪೆ, ಅಲ್ಲಿ ಬಿಟ್ಟರೆ ಭೂಮಿ ಮೇಲೆ ಎಲ್ಲೂ ಇಲ್ಲ. 2000ದಲ್ಲಿ ವಿದ್ಯುತ್ತಿಗಾಗಿ ನೀರು ತಿರುಗಿಸಿದರು. ಬೆಟ್ಟ ಅಲ್ಲೇ ಇತ್ತು, ಕಲ್ಲು ಅಲ್ಲೇ ಇತ್ತು. ತುಂತುರು ಹೋಯಿತು. ಸುಮಾರು 500 ಕಪ್ಪೆಗಳನ್ನ ಅಮೆರಿಕಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿ ಸಾಕಿದರು. ಬೆಟ್ಟದಲ್ಲಿ ತುಂತುರು ಚಿಮ್ಮಿಸೋ ಪೈಪು ಹಾಕಿದರು. ಅಷ್ಟಾದರೂ, ರೋಗವೂ ಸೇರಿಕೊಂಡು, ಅಲ್ಲಿದ್ದವು ಹೋದವು. 2009ರಲ್ಲಿ ಕಾಡಿನಲ್ಲಿ ಅಳಿದಿದೆ ಅಂತ ಘೋಷಣೆ ಆಯಿತು. 2012ರಲ್ಲಿ ಸಾಕಿದವನ್ನ ತಂದು ಮತ್ತೆ ಬಿಡಲು ಶುರುಮಾಡಿದರು.

ದೊಡ್ಡಪ್ಪ: ಗಾಜಿನೊಳಗೆ ಹುಟ್ಟಿ, ಪೈಪಿನ ಮಳೆಯಲ್ಲಿ ನೆನೆಯೋ ಕಪ್ಪೆ ಬೆಟ್ಟದ್ದು ಅಂತ ಹೇಗೆ ಅನ್ನೋದು? ನಾನು ಒಪ್ಪಲ್ಲ. ಬಂಡೆಯಿಂದ ಒಂದು ಚೂರು ಒಡೆದು ಮ್ಯೂಸಿಯಮ್ಮಿನಲ್ಲಿಟ್ಟರೆ ಅದು ಮಾದರಿ, ಬೆಟ್ಟ ಅಲ್ಲ.

ದೊಡ್ಡಮ್ಮ: ಕಲ್ಲಿಗೆ ಮಕ್ಕಳಾಗಲ್ಲ, ಅದಕ್ಕೇ ನಿಮಗೆ ಹಾಗನ್ನಿಸುತ್ತೆ. ನನ್ನ ಗಿಡದ ಒಂದು ಎಲೆ ಕಿತ್ತು ನೆಟ್ಟರೆ ಇನ್ನೊಂದು ಗಿಡ. ಬಿಸಿಲು ನೇರ ಬೀಳಬಾರದು, ಎಲೆ ಮೇಲೆ ನೀರು ನಿಲ್ಲಬಾರದು. ಅದು ಬೆಟ್ಟ ಮರೆತಿಲ್ಲ. ನಾನು ಬೆಟ್ಟದ ಕೆಲಸ ಮಾಡ್ತಿದೀನಿ ಅಷ್ಟೆ. ಆದರೆ ಅದಕ್ಕೆ ಒಬ್ಬರು ದಿನಾ ಮನೆಯಲ್ಲಿರಬೇಕು. ಬೆಟ್ಟ ಪುಕ್ಕಟೆ ಮಾಡ್ತಿತ್ತು.

(ದೊಡ್ಡಮ್ಮನ ಈ ಮಾತಿಗೆ ಇಬ್ಬರು ಓದಿದವರಲ್ಲೂ ಉತ್ತರವಿರಲಿಲ್ಲ. ಆದರೂ ಇಬ್ಬರೂ ಮಾತು ನಿಲ್ಲಿಸಲಿಲ್ಲ ಎಂಬುದನ್ನು ದಾಖಲಿಸಬೇಕು.)

ದೊಡ್ಡಪ್ಪ: ಹಾಗಾದರೆ ಮಲ್ಲೇಶ್ವರದಲ್ಲಿ ಬೆಟ್ಟದ ಕೆಲಸ ಏನು? ಒಂದು ಹಗ್ಗ ಕಟ್ಟೋದಾ?

ಸುಮಾ: ಎರಡು ಮರದ ನಡುವೆ ಹಗ್ಗ ಕಟ್ಟಿದರೂ ಸರಿ. ಕೊಂಬೆಗಳೇ ಕೂಡಿರೋ ಜಾಗದಲ್ಲಿ ಕಡಿಯದೆ ಬಿಟ್ಟರೆ ಇನ್ನೂ ಸರಿ. ಕಡಿಯೋರಿಗೆ ಈ ಮರದಲ್ಲಿ ಕಾಡುಪಾಪ ಇದೆ ಅಂತ ಮೊದಲೇ ಯಾರಾದರೂ ಹೇಳಬೇಕು.

ದೊಡ್ಡಮ್ಮ: ಹೇಳೋಣ. ಕಡಿಯೋ ದಿನ ಯಾವುದು ಅಂತ ಮೊದಲು ಅವರು ನಮಗೆ ಹೇಳಲಿ.