ಹಿಂಬದಿಯ ಬೆಳಕು

ವಸ್ತುವಿಗೆ ಶೋಭೆ ಬರುವುದು ಬೆಳಕಿನಿಂದ. ಆದರೆ ಬೆಳಕನ್ನು ಬರಮಾಡಿಕೊಳ್ಳುವ ರೀತಿ ಎಲ್ಲ ವಸ್ತುಗಳಿಗೂ ಒಂದೇ ಆಗಿಲ್ಲ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪು, ಮಹಮೂದ್ ಗವಾನನು ಕ್ರಿ.ಶ. 1472ರಲ್ಲಿ ಕಟ್ಟಿಸಿದ ಮದರಸಾದ ಮೆರುಗಿನ ಬಿಲ್ಲೆಗಳು, ಸತು-ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿಯನ್ನು ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಬಿದರಿ ಪಾತ್ರೆ, ಇವೆಲ್ಲವೂ ಎದುರಿನಿಂದ ಬಿದ್ದ ಬೆಳಕನ್ನು ಮರಳಿಸಿ ಹೊಳೆಯುತ್ತವೆ.

ಬಣ್ಣದ ಗಾಜಿನ ಧರ್ಮವೇ ಬೇರೆ. ಅದು ಬೆಳಕನ್ನು ತನ್ನೊಳಗಿನಿಂದ ಹಾಯಗೊಡುತ್ತದೆ. 1897ರ ಅಗ್ನಿ ಅನಾಹುತದ ಬಳಿಕ ಕಟ್ಟಲಾರಂಭಿಸಿ 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣ ಮಂಟಪವನ್ನು ಕಂಡವರು ಇದನ್ನು ಬಲ್ಲರು. ಅಲ್ಲಿಯ ಛಾವಣಿಯ ನವಿಲುಗಳು ಬಣ್ಣ ತಳೆಯುವುದು ಮೇಲಿನ ಆಕಾಶದ ಬೆಳಕಿನಿಂದ. ಅಂಥ ಗಾಜನ್ನು ಕಿಟಕಿಯಿಂದ ಬಿಡಿಸಿ ಚೌಕಟ್ಟಿನಲ್ಲಿ ಬಿಗಿದು ಗೋಡೆಗೆ ತೂಗುಹಾಕಿದರೆ, ನೀಲಿಯೂ ಕೆಂಪೂ ಒಂದೇ ಕಪ್ಪಾಗಿ ತೋರುವುವು. ಎದುರಿಗೆ ದೀಪವಿಟ್ಟರೆ ಕಾಣುವುದು ಧೂಳು, ಸೀಸದ ಪಟ್ಟಿ, ನೋಡುವವನ ಮುಖ.

ಇಲ್ಲಿ ಇಬ್ಬರು ಗೃಹಸ್ಥರನ್ನು ಕಲ್ಪಿಸೋಣ. ಹಳೆಯ ವಾಡೆಯೊಂದು ಬಿದ್ದಾಗ ಇಬ್ಬರಿಗೂ ಹಿರಿಯರ ಕಾಲದ ಒಂದೊಂದು ಗಾಜಿನ ಫಲಕವು ಪಾಲಿಗೆ ಬಂದಿತು. ಔರಾದಿನವನು ಆಡಂಬರ ಬೇಡವೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದನು. ಭಾಲ್ಕಿಯವನು ಪಡಸಾಲೆಯಲ್ಲಿ ತೂಗುಹಾಕಿ ಹಿಂಬದಿಗೆ ದೀಪವಿಟ್ಟನು. ಇವರಲ್ಲಿ ಯಾರ ನಡೆ ಸರಿ?

ಔರಾದಿನವನೇ ವಿರಕ್ತನೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಅಟ್ಟದಲ್ಲಿಟ್ಟ ಮಾತ್ರಕ್ಕೆ ಮಮಕಾರವು ಅಳಿಯುವುದಿಲ್ಲ. ಯಾರಿಗೂ ಕಾಣಿಸದೆ ಕೂಡಿಡುವುದೂ ಒಂದು ಬಗೆಯ ಲೋಭವೇ. ಅಷ್ಟೇ ಅಲ್ಲ, ಹೆಸರು ಉಳಿಯದ ಕುಶಲಿಗನೊಬ್ಬನ ಕಾಯಕವು ಕತ್ತಲೆಗೆ ಬಿದ್ದಂತಾಯಿತು. ಹಾಗೆಂದು ಭಾಲ್ಕಿಯವನು ನಿರ್ದೋಷಿಯೆಂದೂ ಹೇಳಲಾಗದು. ಅವನು ಬೆಳಗಿಸಿದ್ದು ಗಾಜನ್ನೋ, ತನ್ನ ಸಿರಿಯನ್ನೋ ಎಂಬುದೇ ವಿಚಾರಣೀಯ.

ಅದರ ನಿರ್ಣಯಕ್ಕೆ ದೀಪವಿಡುವ ಕ್ರಮವೇ ದೃಷ್ಟಾಂತವಾಗಿದೆ. ದೀಪವು ಗಾಜಿಗೆ ತೀರ ಸಮೀಪವಾದರೆ ಬೆಳಕಿನ ಚುಕ್ಕೆಗಳು ಮೂಡಿ, ನೋಡುವವನ ಕಣ್ಣು ಚಿತ್ತಾರವನ್ನು ಬಿಟ್ಟು ದೀಪಕ್ಕೇ ಅಂಟಿಕೊಳ್ಳುವುದು. ಬೆಳಕು ಅತಿಯಾದರೆ ತಿಳಿಬಣ್ಣಗಳು ಬಿಳಿಚಿಕೊಳ್ಳುವುವು. ಶಾಖ ಹೆಚ್ಚಾದರೆ ತುಂಡುಗಳನ್ನು ಹಿಡಿದಿರುವ ಮೆದುವಾದ ಸೀಸದ ಪಟ್ಟಿಗಳು ಬಾಗಿ ಫಲಕವೇ ಉಬ್ಬೀತು. ಆದುದರಿಂದ ಬಲ್ಲವರು ಹಿಂಬದಿಯ ಪೆಟ್ಟಿಗೆಗೆ ಒಳಗೆ ಬಿಳಿಯ ಬಣ್ಣ ಹಚ್ಚಿ, ಬಿಸಿ ಕಡಿಮೆಯಿರುವ ಎಲ್‌ಇಡಿ ದೀಪಗಳನ್ನು ಕೆಲವು ಅಂಗುಲ ದೂರದಲ್ಲಿ ಕೂರಿಸಿ, ನಡುವೆ ಹಾಲುಬಣ್ಣದ ಅಕ್ರಿಲಿಕ್ ಹಾಳೆಯನ್ನಿಟ್ಟು, ಗಾಳಿಯಾಡಲು ಕಿಂಡಿ ಬಿಡುತ್ತಾರೆ. ಆಗ ದೀಪವು ಮರೆಯಾಗಿ ಬೆಳಕು ಮಾತ್ರ ಉಳಿಯುತ್ತದೆ. ಕೋಬಾಲ್ಟಿನ ನೀಲಿಗೂ ತಾಮ್ರದ ಕೆಂಪಿಗೂ ಅದು ಒಂದೇ ಸಮನೆ ಸಲ್ಲುತ್ತದೆ. ಬಣ್ಣವು ಮಾತ್ರ ಆಯಾ ಗಾಜಿನದೇ.

ದಾಸೋಹವೂ ಹೀಗೆಯೇ ಇರಬೇಕಲ್ಲವೇ? ಬಡ ಬಂಧುವಿನ ಮಗನ ವಿದ್ಯಾಭ್ಯಾಸಕ್ಕೆ ನೆರವಾದವನು ಮದುವೆ-ಮುಂಜಿಗಳಲ್ಲಿ ಅದನ್ನೇ ಎತ್ತಿ ಆಡುತ್ತಿದ್ದರೆ, ಆ ಹುಡುಗನ ಸ್ವಂತ ಪ್ರತಿಭೆಯು ಯಾರ ಕಣ್ಣಿಗೂ ಬೀಳದು. ಕಾಣುವುದು ಕೊಟ್ಟವನ ಮುಖವೊಂದೇ. ಕೊಡುಗೆ ದೊಡ್ಡದಾದಷ್ಟೂ ಪಡೆದವನು ಬಾಗುವನು, ಬಿಸಿಗೆ ಸೀಸವು ಬಾಗುವಂತೆ. ಇತ್ತ, ‘ನನ್ನಿಂದ ಅಹಂಕಾರ ಬೆಳೆಯಬಾರದು’ ಎಂದು ಏನನ್ನೂ ಕೊಡದೆ ಕುಳಿತವನು ಅಟ್ಟದ ಗಾಜಿನ ಒಡೆಯನಿಗೆ ಸಮಾನನು. ಅವನ ವಿನಯದಿಂದ ಒಂದು ಬಣ್ಣವೂ ಬೆಳಗಲಿಲ್ಲ.

ಕೊಡುವುದನ್ನು ಬಿಡದೆ, ಕೊಡುವವನು ಮರೆಗೆ ಸರಿಯುವುದೇ ಸರಿಯಾದ ಮಾರ್ಗವು. ಭಾಲ್ಕಿಯ ಗೃಹಸ್ಥನು ತನ್ನನ್ನು ಪರೀಕ್ಷಿಸಿಕೊಳ್ಳಲು ದೂರ ಹೋಗಬೇಕಾಗಿಲ್ಲ. ಮನೆಗೆ ಬಂದ ಅತಿಥಿಯು ‘ಈ ದೀಪಕ್ಕೆ ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ಬೆಳಕನ್ನು ಇನ್ನಷ್ಟು ತಗ್ಗಿಸಲಿ. ‘ಈ ಗಾಜನ್ನು ಮಾಡಿದವರಾರು?’ ಎಂದು ಕೇಳಿದರೆ, ದೀಪವು ತನ್ನ ಸ್ಥಾನದಲ್ಲಿಯೇ ಇದೆಯೆಂದು ತಿಳಿದು ಸಮಾಧಾನ ಹೊಂದಲಿ.